ನಾಟಿ ವೈದ್ಯರ ಪ್ರಾಣಿ ಔಷಧಿಗಳು: ಯಾವುದನ್ನು ಉಳಿಸಿಕೊಳ್ಳೋಣ, ಯಾವುದನ್ನು ಬಿಡೋಣ?

ಬೆಟ್ಟದಸಾಲು, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಮಂಡಿ ನೋವು. ಸಂತೆಯಲ್ಲಿ ಒಬ್ಬರು ಉಡದ ಕೊಬ್ಬಿನ ಎಣ್ಣೆ ಅಂತ ಒಂದು ಸೀಸೆ ಕೊಟ್ಟಿದ್ದಾರೆ. ಬಿಸಿ ಮಾಡಿ ತಿಕ್ಕಿಕೊಂಡರೆ ಹಗುರ ಅನ್ನಿಸುತ್ತದೆ ಅಂತಾರೆ ಅಪ್ಪ. ನನಗೆ ಸಮಾಧಾನ ಇಲ್ಲ. ಮೊದಲೆಲ್ಲ ನಮ್ಮ ಹೊಲದ ಬದುವಿನಲ್ಲಿ ಉಡ ಆಗಾಗ ಕಾಣುತ್ತಿತ್ತು. ಈಗ ಅಪರೂಪ.

ಹಾಗಂತ ನಾಟಿ ಔಷಧಿಯನ್ನೇ ಬೈಯುವ ಮನಸ್ಸು ನನಗಿಲ್ಲ. ನಾವು ಬೆಳೆದದ್ದೇ ಅದರಲ್ಲಿ. ನೆಗಡಿಗೆ ಗದ್ದೆ ಏಡಿ ಸಾರು, ಮೂಳೆ ಮುರಿದರೆ ಮೊಟ್ಟೆಯ ಬಿಳಿ ಹಚ್ಚಿ ಪಟ್ಟು, ಬಿಕ್ಕಳಿಕೆಗೆ ನವಿಲುಗರಿ ಸುಟ್ಟ ಬೂದಿ ಜೇನಿನಲ್ಲಿ, ಎಳೆಮಗುವಿಗೆ ಕತ್ತೆ ಹಾಲು, ಹಾವು ಕಚ್ಚಿದರೆ ವಿಷದ ಕಲ್ಲು. ಇವನ್ನೆಲ್ಲ ಒಂದೇ ಗಂಟಿಗೆ ಕಟ್ಟಿ ಎಸೆಯುವುದು ಸರಿಯಲ್ಲ ಅನ್ನಿಸುತ್ತದೆ. ಎಲ್ಲವನ್ನೂ ನಂಬುವುದೂ ಸರಿಯಲ್ಲ. ನಿಮ್ಮೂರಿನಲ್ಲಿ ಏನೇನಿದೆ, ನೀವೇನು ಮಾಡುತ್ತೀರಿ ಅಂತ ಬರೆಯಿರಿ. ಯಾರನ್ನೂ ಆಡಿಕೊಳ್ಳುವುದು ಬೇಡ, ದಯವಿಟ್ಟು.

ಕಾಡಂಚು, ಚಾಮರಾಜನಗರ

ನಾನು ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುವವನು. ಕಾನೂನಿನ ಮಾತು ಮೊದಲು ಹೇಳಿಬಿಡುತ್ತೇನೆ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹುಲಿ, ಆನೆ ಇರುವುದೂ ಅದೇ ಪಟ್ಟಿಯಲ್ಲಿ. ಬೇಟೆ ಆಡಿದರೆ, ಅದರ ಮಾಂಸ, ಕೊಬ್ಬು ಮಾರಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಕೊಂಡು ಇಟ್ಟುಕೊಂಡವರಿಗೂ ತಪ್ಪಿದ್ದಲ್ಲ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ ಗಲಾಟೆ ಆಯಿತಲ್ಲ, ಆಗ ಎಷ್ಟೋ ಮನೆಗಳಲ್ಲಿ ಇದು ಅಪರಾಧ ಅಂತ ಗೊತ್ತಾದದ್ದೇ ಮೊದಲ ಸಲ.

ಎರಡನೆಯದು, ಆ ಸೀಸೆಯಲ್ಲಿ ಇರುವುದು ಉಡದ ಕೊಬ್ಬೇ ಎಂದು ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಹಂದಿ ಕೊಬ್ಬು ಇರಬಹುದು, ಬರೀ ಹರಳೆಣ್ಣೆಯೂ ಇರಬಹುದು. ರಾಜಸ್ಥಾನದ ಕಡೆ ಮುಳ್ಳುಬಾಲದ ಹಲ್ಲಿಯ ಕೊಬ್ಬಿನಿಂದ ತೆಗೆದ ಎಣ್ಣೆಯನ್ನು ಸಾಂಡಾ ಎಣ್ಣೆ ಅಂತ ಮಾರುತ್ತಾರೆ. ಅದರ ಹೆಸರಿನಲ್ಲಿ ನಮ್ಮ ಸಂತೆಗಳಿಗೂ ಸೀಸೆ ಬರುತ್ತದೆ. ಇನ್ನು "ಹತ್ತಾ ಜೋಡಿ" ಅಂತ ಒಂದು ಇದೆ. ಪೂಜೆಗೆ ಇಡುವ ಅಪರೂಪದ ಬೇರು, ಎರಡು ಕೈ ಜೋಡಿಸಿದ ಹಾಗಿದೆ ಅಂತ ಹೇಳಿ ಮಾರುತ್ತಾರೆ. ಅದು ಗಂಡು ಉಡದ ಜನನಾಂಗವನ್ನು ಕತ್ತರಿಸಿ ಒಣಗಿಸಿದ್ದು. ಕೊಂಡ ಭಕ್ತರಿಗೆ ಇದರ ಅರಿವೇ ಇರುವುದಿಲ್ಲ. ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ಉಡ ಇಲಿ ತಿನ್ನುತ್ತದೆ, ಹಾವಿನ ಮೊಟ್ಟೆ ತಿನ್ನುತ್ತದೆ, ಹುಳ ತಿನ್ನುತ್ತದೆ. ಹೊಲಕ್ಕೆ ಇಷ್ಟು ಉಪಕಾರಿ ಪ್ರಾಣಿ ಕಮ್ಮಿ.

ತುಂಗೆಯ ದಂಡೆ, ತೀರ್ಥಹಳ್ಳಿ

ನಮ್ಮ ಕಡೆ ಮಳೆಗಾಲ ಅಂದರೆ ಏಡಿ. ಜಡಿಮಳೆ ಹಿಡಿದು ಮೈ ಭಾರ ಆದಾಗ ಅಮ್ಮ ಏಡಿಯನ್ನು ಕುಟ್ಟಿ, ಸೋಸಿ, ಕಾಳುಮೆಣಸು, ಬೆಳ್ಳುಳ್ಳಿ ಜಾಸ್ತಿ ಹಾಕಿ ಸಾರು ಮಾಡುತ್ತಾರೆ. ಕುಡಿದ ಮೇಲೆ ಬೆವರು ಬರುತ್ತದೆ, ಕಟ್ಟಿದ ಮೂಗು ಬಿಡುತ್ತದೆ. ಮೆಣಸಿನ ಗುಣವೋ ಏಡಿಯದ್ದೋ ನಾನು ಕೇಳಲು ಹೋಗಿಲ್ಲ. ಬಾಣಂತಿಗೂ ಕೊಡುತ್ತಾರೆ.

ಇನ್ನೊಂದು ಚಗಳಿ ಚಟ್ನಿ. ಮರದ ಎಲೆ ಹೆಣೆದು ಗೂಡು ಕಟ್ಟುವ ಕೆಂಪು ಇರುವೆ. ಗೂಡನ್ನು ಕೊಡವಿ, ಇರುವೆ, ಮೊಟ್ಟೆ ಎಲ್ಲ ಸೇರಿಸಿ ಹುರಿದು, ಉಪ್ಪು, ಮೆಣಸು, ಕಾಯಿ ಹಾಕಿ ಅರೆಯುವುದು. ಹುಳಿ ಬೇರೆ ಬೇಕಾಗುವುದಿಲ್ಲ, ಇರುವೆಯಲ್ಲೇ ಇರುತ್ತದೆ. ಕಫಕ್ಕೆ ಒಳ್ಳೆಯದು ಅಂತ ಹಿರಿಯರು ಹೇಳುತ್ತಾರೆ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯವರು ಇದೇ ಇರುವೆಯ ಕಾಯಿ ಚಟ್ನಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ತಂದುಕೊಂಡರು. ನಮ್ಮವರು ತಿಂದದ್ದನ್ನು ಹೇಳಿಕೊಳ್ಳಲೂ ನಾಚುತ್ತಾರೆ. ಯಾಕೆ ನಾಚಬೇಕು? ಇದು ನಮ್ಮ ಊಟ.

ಹಳ್ಳಿ ಆಸ್ಪತ್ರೆ ಡಾಕ್ಟರ್, ಹಾವೇರಿ ಜಿಲ್ಲೆ

ತುಂಗೆಯ ದಂಡೆ ಮೇಡಂ, ಏಡಿ ಸಾರು ಧಾರಾಳವಾಗಿ ಕುಡಿಯಿರಿ. ಒಂದೇ ಮಾತು, ಚೆನ್ನಾಗಿ ಕುದಿಸಿ. ಕೆಲವು ಕಡೆ ಹಸಿ ಏಡಿಯ ರಸವನ್ನು ಮಕ್ಕಳಿಗೆ ಕುಡಿಸುತ್ತಾರೆ. ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಹೋಗುವ ಒಂದು ಚಪ್ಪಟೆ ಹುಳದ ಮರಿ ಇರಬಹುದು. ಮಣಿಪುರದ ಕಡೆ ಈ ಕಾಯಿಲೆ ಚೆನ್ನಾಗಿ ಗೊತ್ತಿರುವಂಥದ್ದು. ಕೆಮ್ಮು, ಕಫದಲ್ಲಿ ರಕ್ತ, ನೋಡಲು ಥೇಟ್ ಕ್ಷಯದ ಹಾಗೆ. ಕುದಿಸಿದರೆ ಹುಳ ಸಾಯುತ್ತದೆ. ಅದೇ ಥರ, ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಗೂಸಿನ ಕರುಳಿನಲ್ಲಿ ಬೆಳೆದು ಮೈಯೆಲ್ಲ ಸೋಲುವ ಹಾಗೆ ಮಾಡುತ್ತದೆ. ಬಜೆ, ಗೋರೋಚನ ತೇಯ್ದು ಜೇನಿನಲ್ಲಿ ಕೊಡುವ ಮನೆಗಳು ಇದನ್ನು ನೆನಪಿಡಬೇಕು.

ನಾನು ಬರೆಯಬೇಕು ಅಂತ ಬಂದದ್ದು ಹಾವಿನ ವಿಷಯ.

ವಿಷದ ಕಲ್ಲು ಅಂತ ನಾವು ಕರೆಯುವುದು ಸಾಮಾನ್ಯವಾಗಿ ದನದ ಮೂಳೆಯನ್ನು ಸುಟ್ಟು ಕರಿ ಮಾಡಿದ್ದು. ಅದರಲ್ಲಿ ಸಣ್ಣ ಸಣ್ಣ ತೂತು ಇರುವುದರಿಂದ ಗಾಯದ ತೇವಕ್ಕೆ ಅಂಟಿಕೊಳ್ಳುತ್ತದೆ. ತೇವ ಹೀರಿ ತುಂಬಿದ ಮೇಲೆ ತಾನೇ ಬೀಳುತ್ತದೆ. ನೋಡುವವರಿಗೆ ವಿಷ ಹೀರಿ ಬಿತ್ತು ಅನ್ನಿಸುತ್ತದೆ. ಆದರೆ ಹಾವು ವಿಷ ಬಿಡುವುದು ಚರ್ಮದ ಮೇಲಲ್ಲ, ಒಳಗೆ. ಕಲ್ಲು ಇಡುವ ಹೊತ್ತಿಗೆ ಅದು ಮೈಯಲ್ಲಿ ಹರಡಲು ಶುರುವಾಗಿರುತ್ತದೆ.

ಕೋಳಿ ಮರಿ ಇಡುವುದನ್ನೂ ನೋಡಿದ್ದೇನೆ. ಕಚ್ಚಿದ ಜಾಗವನ್ನು ಕೊಯ್ದು, ಅಲ್ಲಿಗೆ ಮರಿಯ ಗುದವನ್ನು ಒತ್ತಿ ಹಿಡಿಯುತ್ತಾರೆ. ಮರಿ ಸತ್ತರೆ ವಿಷ ಎಳೆಯಿತು ಅಂತ ಇನ್ನೊಂದು ಮರಿ. ಮರಿಗಳು ಸಾಯದೆ ಉಳಿಯುವವರೆಗೆ ಹೀಗೇ. ಅಷ್ಟು ಬಿಗಿಯಾಗಿ ಹಿಡಿದರೆ ಪುಟ್ಟ ಮರಿಗೆ ಉಸಿರಾಡಲು ಎಲ್ಲಿ ಆಗುತ್ತದೆ? ಅತ್ತ ಕೊಯ್ದ ಗಾಯದಿಂದ ರಕ್ತ ನಿಲ್ಲುವುದಿಲ್ಲ. ಕೊಳಕುಮಂಡಲ ಕಚ್ಚಿದವರಿಗೆ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಹೋಗಿರುತ್ತದೆ. ಕೊಯ್ಯುವುದು ಅವರಿಗೆ ಪ್ರಾಣಕ್ಕೇ ಅಪಾಯ.

"ನಮ್ಮೂರಲ್ಲಿ ಕಲ್ಲಿನಿಂದ ಎಷ್ಟೋ ಜನ ಬದುಕಿದ್ದಾರಲ್ಲ?" ಅಂತ ಕೇಳುತ್ತಾರೆ. ನಿಜ, ಬದುಕಿದ್ದಾರೆ. ಕಚ್ಚುವ ಹಾವುಗಳಲ್ಲಿ ವಿಷ ಇಲ್ಲದವೇ ಜಾಸ್ತಿ. ವಿಷದ ಹಾವೂ ಎಲ್ಲ ಸಲ ವಿಷ ಬಿಡುವುದಿಲ್ಲ. ಅವರು ಕಲ್ಲಿಲ್ಲದೆಯೂ ಬದುಕುತ್ತಿದ್ದರು. ವಿಷ ಏರಿದವರಿಗೆ ಇರುವ ಔಷಧಿ ಒಂದೇ, ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಪ್ರತಿವಿಷ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಅದೇ ಚುಚ್ಚುಮದ್ದು. ಕಟ್ಟುಹಾವು ರಾತ್ರಿ ಮಲಗಿದ್ದಾಗ ಕಚ್ಚುತ್ತದೆ. ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ಆಮೇಲೆ ರೆಪ್ಪೆ ಬೀಳುತ್ತದೆ, ಆಮೇಲೆ ಉಸಿರು. ಅಂಥವರನ್ನು ಎರಡು ತಾಸು ಕಲ್ಲಿನ ಹತ್ತಿರ ಕೂರಿಸಿದರೆ ನಮ್ಮ ಕೈಗೆ ಸಿಗುವ ಹೊತ್ತಿಗೆ ತಡವಾಗಿರುತ್ತದೆ.

2000ದಿಂದ 2019ರವರೆಗಿನ 20 ವರ್ಷದಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು. ವರ್ಷಕ್ಕೆ 58,000. ಹೆಚ್ಚಿನವರು ಹಳ್ಳಿಯವರು, ಮನೆಯಲ್ಲೇ ಸತ್ತವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ದೇಶದಲ್ಲಿ ಇದೇ ಮೊದಲು. ಇದು ತುಂಬಾ ದೊಡ್ಡ ಕೆಲಸ. ದಯವಿಟ್ಟು ನಿಮ್ಮೂರಲ್ಲಿ ಹೇಳಿ: ಕಚ್ಚಿದ ಕೈಕಾಲು ಅಲುಗಾಡಿಸದೆ ಇಡಿ, ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, 108ಕ್ಕೆ ಕರೆ ಮಾಡಿ.

ಪಂಡಿತರ ಮೊಮ್ಮಗ, ಶಿರಸಿ ಕಡೆ

ಡಾಕ್ಟರ್ ಸರ್, ನೀವು ಬರೆದದ್ದನ್ನು ಒಪ್ಪುತ್ತೇನೆ. ನಮ್ಮ ಅಜ್ಜ ನಾಟಿ ಔಷಧಿ ಕೊಡುತ್ತಿದ್ದರು, ಹಾವು ಕಚ್ಚಿ ಬಂದವರನ್ನು ಮಾತ್ರ ನೇರ ಆಸ್ಪತ್ರೆಗೆ ಓಡಿಸುತ್ತಿದ್ದರು. "ನನ್ನ ಕೈಲಿ ಇಲ್ಲದ್ದು" ಅನ್ನುತ್ತಿದ್ದರು. ಅದನ್ನು ಹೇಳುವ ಧೈರ್ಯ ಇರುವವರನ್ನೇ ನಾನು ಒಳ್ಳೆಯ ವೈದ್ಯರು ಅನ್ನುವುದು.

ಆದರೆ ಪ್ರಾಣಿಯಿಂದ ಬಂದ ಔಷಧಿ ಎಂದ ಕೂಡಲೇ ಮೂಢನಂಬಿಕೆ ಅಂತ ತಳ್ಳುವವರಿಗೆ ಒಂದು ಮಾತು. ಜಿಗಣೆ ಬಿಡುವುದು ನಮ್ಮಲ್ಲಿ ಎಷ್ಟು ಹಳೆಯದು! ಕೆಟ್ಟ ರಕ್ತ ಕಟ್ಟಿದ ಹುಣ್ಣಿಗೆ ಅಜ್ಜ ಜಿಗಣೆ ಬಿಡುತ್ತಿದ್ದರು. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಹಿರುಡಿನ್ ಎಂಬ ವಸ್ತು ಇದೆ. ತುಂಡಾದ ಬೆರಳನ್ನು ಮತ್ತೆ ಹೊಲಿದಾಗ ಅಲ್ಲಿ ರಕ್ತ ಕಟ್ಟಿಕೊಳ್ಳದಿರಲಿ ಅಂತ ಈಗಿನ ಸರ್ಜನ್‌ಗಳೂ ಜಿಗಣೆ ಬಿಡುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಡಾಕ್ಟರ್ ಹೇಳಿದ ಎಎಸ್‌ವಿ ಕೂಡ ಪ್ರಾಣಿಯಿಂದಲೇ ಬರುವುದು. ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಕುದುರೆಯ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸುತ್ತಾರೆ. ಆ ವಿಷದ ದೊಡ್ಡ ಪಾಲು ಬರುವುದು ಚೆನ್ನೈ ಹತ್ತಿರದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದದ್ದು. ಒಂದು ಕಾಲಕ್ಕೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಜನ ಈಗ ವಿಷ ತೆಗೆದು ಹಾವನ್ನು ವಾಪಸ್ ಕಾಡಿಗೆ ಬಿಡುತ್ತಾರೆ. ಹಳ್ಳಿಗರ ತಿಳುವಳಿಕೆಗೂ ಆಸ್ಪತ್ರೆಗೂ ಇರುವ ಸಂಬಂಧ ಅಂದರೆ ನನಗೆ ನೆನಪಾಗುವುದು ಇದು.

ಡಾಕ್ಟರ್

ಒಳ್ಳೆಯ ಮಾತು ಹೇಳಿದಿರಿ. ಒಂದು ಸಣ್ಣ ಸೇರ್ಪಡೆ: ಆಸ್ಪತ್ರೆಯ ಜಿಗಣೆಗಳನ್ನು ಅದಕ್ಕೆಂದೇ ಸಾಕುತ್ತಾರೆ, ಒಬ್ಬರಿಗೆ ಬಿಟ್ಟದ್ದನ್ನು ಇನ್ನೊಬ್ಬರಿಗೆ ಬಿಡುವುದಿಲ್ಲ. ಕೆರೆಯ ಜಿಗಣೆ ಬಿಟ್ಟರೆ ಗಾಯ ಕೀವಾಗುವ ಭಯ ಇದೆ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಮನೆಯಲ್ಲಿ ಮಾಡಿಕೊಳ್ಳಲೇಬಾರದು.

ವಾಗ್ರಿ ಮಗಳು, ಹುಣಸೂರು ಕಡೆ

ನಾನು ಹಕ್ಕಿಪಿಕ್ಕಿ ಸಮುದಾಯದವಳು. ಸಂತೆ, ಎಣ್ಣೆ ಅಂತ ಮಾತು ಬಂದ ಕೂಡಲೇ ಎಲ್ಲರ ಬೆರಳು ನಮ್ಮ ಕಡೆ ತಿರುಗುತ್ತದೆ. ಇಲ್ಲಿ ಯಾರೂ ಹಾಗೆ ಬರೆದಿಲ್ಲ, ಆದರೂ ಹೇಳಬೇಕು ಅನ್ನಿಸಿತು.

ನಮ್ಮ ಹಿರಿಯರು ಬೇಟೆಯಾಡುತ್ತಿದ್ದದ್ದು ಸತ್ಯ. ಹಕ್ಕಿ ಹಿಡಿಯುವುದೇ ನಮ್ಮ ಹೆಸರು. ಬೇಟೆ ನಿಷೇಧ ಆದ ಮೇಲೆ ಹೊಟ್ಟೆಪಾಡು ಬದಲಾಯಿತು. ಕಾಡಿನ ಗಿಡಮೂಲಿಕೆ ಗೊತ್ತಿದ್ದದ್ದು ಕೈ ಹಿಡಿಯಿತು. ಕೂದಲೆಣ್ಣೆ, ಮೈಕೈ ನೋವಿನ ಎಣ್ಣೆ ಮಾಡಿ ಊರೂರು ತಿರುಗುತ್ತೇವೆ. ಆಫ್ರಿಕಾವರೆಗೂ ಹೋಗುತ್ತಾರೆ ನಮ್ಮವರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡ ಕನ್ನಡಿಗರಲ್ಲಿ ನಮ್ಮ ಜನ ಇದ್ದದ್ದು ಪತ್ರಿಕೆಯಲ್ಲಿ ಓದಿರುತ್ತೀರಿ.

ನರಿಕೊಂಬು, ಕರಡಿ ಕೂದಲಿನ ತಾಯಿತ, ಹುಲಿ ಕೊಬ್ಬು ಅಂತ ಮಾರುವವರು ಈಗಲೂ ಇದ್ದಾರೆ. ಎಲ್ಲ ಜಾತಿಯಲ್ಲೂ ಇದ್ದಾರೆ. ನರಿಗೆ ಕೊಂಬೇ ಇಲ್ಲ, ಇದು ಎಲ್ಲರಿಗೂ ಗೊತ್ತು, ಆದರೂ ಪೇಟೆಯಿಂದ ಕಾರಿನಲ್ಲಿ ಬಂದು ಕೇಳುತ್ತಾರೆ. ಕೇಳುವವರು ನಿಂತರೆ ಮಾರುವವರೂ ನಿಲ್ಲುತ್ತಾರೆ. ನಮ್ಮ ಮಕ್ಕಳಿಗೆ ಎಣ್ಣೆಗೆ ಲೈಸೆನ್ಸ್, ಲೇಬಲ್ ಮಾಡಿಸಿಕೊಳ್ಳುವ ದಾರಿ ಹೇಳಿಕೊಡುವವರು ಬೇಕು. ಬೈಯುವವರು ಬೇಕಾದಷ್ಟು ಇದ್ದಾರೆ.

ಕಾಡಂಚು

ಅಕ್ಕ, ನೀವು ಹೇಳಿದ್ದು ಅಕ್ಷರಶಃ ನಿಜ. ಎರಡು ತಲೆ ಹಾವು ಅಂತ ಮಣ್ಣುಮುಕ್ಕ ಹಾವನ್ನು ಹಿಡಿಯುವ ಕೇಸುಗಳಲ್ಲಿ ಹಳ್ಳಿಯವರ ಕೈಗೆ ಸಿಗುವುದು ಪುಡಿಗಾಸು. ಕ್ಯಾನ್ಸರ್, ಏಡ್ಸ್ ವಾಸಿಯಾಗುತ್ತದೆ, ಲಕ್ಷ್ಮಿ ಒಲಿಯುತ್ತಾಳೆ ಅಂತ ಲಕ್ಷಗಟ್ಟಲೆ ರೇಟು ಹೇಳುವವರು ಪೇಟೆಯವರು. ಆ ಹಾವಿಗೆ ಇರುವುದು ಒಂದೇ ತಲೆ. ಬಾಲ ಮೊಂಡಾಗಿದೆ ಅಷ್ಟೇ. ಬಾಲಕ್ಕೆ ಬರೆ ಹಾಕಿ, ಕಣ್ಣು ಬಾಯಿ ಕಾಣುವ ಹಾಗೆ ಮಾಡುತ್ತಾರೆ. ಆಮೇಲೆ ಅದು ಬಹಳ ದಿನ ಬದುಕುವುದಿಲ್ಲ.

ಎಳೆಗೂಸಿನ ತಾಯಿ, ದಾವಣಗೆರೆ

ನನ್ನ ಪ್ರಶ್ನೆ ಸಣ್ಣದು. ನಮ್ಮ ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬಂದು "ಕತ್ತೆ ಹಾಲು, ಕತ್ತೆ ಹಾಲು" ಅಂತ ಕೂಗುತ್ತಾರೆ. ಅಲ್ಲೇ ಕರೆದು ಒಳಲೆಯಲ್ಲಿ ಹಾಕಿ ಕೊಡುತ್ತಾರೆ. ಮಗುವಿಗೆ ಕೆಮ್ಮು ಬರುವುದಿಲ್ಲ, ಧ್ವನಿ ಚೆನ್ನಾಗಿ ಆಗುತ್ತದೆ ಅಂತ ಅತ್ತೆ ಹೇಳುತ್ತಾರೆ. ಮಗುವಿಗೆ ನಾಲ್ಕು ತಿಂಗಳು. ಕುಡಿಸಲಾ?

ದನದ ಡಾಕ್ಟರ್, ಬಳ್ಳಾರಿ

ಬೇಡಮ್ಮ, ಈಗ ಬೇಡ. ಆರು ತಿಂಗಳವರೆಗೆ ನಿಮ್ಮ ಎದೆಹಾಲು ಒಂದೇ ಸಾಕು.

ಅತ್ತೆಯವರ ನಂಬಿಕೆಗೆ ಬುಡವೇ ಇಲ್ಲ ಅಂತಲ್ಲ. ಹಸುವಿನ ಹಾಲಿಗಿಂತ ಕತ್ತೆ ಹಾಲು ತಾಯಿಯ ಹಾಲಿಗೆ ಹತ್ತಿರ. ಕೊಬ್ಬು ಕಡಿಮೆ, ಸಿಹಿ ಅಂಶ ಜಾಸ್ತಿ, ಹಸುವಿನ ಹಾಲಿನಲ್ಲಿರುವ, ಮಕ್ಕಳಿಗೆ ಒಗ್ಗದ ಕೇಸಿನ್ ಎಂಬ ಪ್ರೋಟೀನ್ ಇದರಲ್ಲಿ ಕಡಿಮೆ. ರೋಗಾಣುಗಳನ್ನು ತಡೆಯುವ ಲೈಸೋಜೈಮ್ ಚೆನ್ನಾಗಿದೆ. ಆದರೆ ಬೀದಿಯಲ್ಲಿ ಕರೆದು ಹಸಿಯಾಗಿ ಕೊಡುವ ಹಾಲಿನಲ್ಲಿ ಕೆಚ್ಚಲಿನ ಕೊಳೆ, ಕೈಯ ಕೊಳೆ ಎಲ್ಲ ಸೇರಿರುತ್ತದೆ. ನಾಲ್ಕು ತಿಂಗಳ ಮಗುವಿಗೆ ಅದು ಅಪಾಯ. ಒಂದು ಚಮಚದಿಂದ ಧ್ವನಿ ಬದಲಾಗುವುದೂ ಇಲ್ಲ. ಅತ್ತೆಯವರ ಸಮಾಧಾನಕ್ಕೆ ಬೇಕಿದ್ದರೆ ಮಗು ದೊಡ್ಡದಾದ ಮೇಲೆ ಕಾಯಿಸಿ ಕೊಡಿ.

ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. 2012ರ ಜಾನುವಾರು ಗಣತಿಗೂ 2019ರ ಗಣತಿಗೂ ನಡುವೆ ದೇಶದ ಕತ್ತೆಗಳು ಶೇ 61ರಷ್ಟು ಕಡಿಮೆಯಾಗಿವೆ. ಉಳಿದದ್ದು ಸುಮಾರು 1.2 ಲಕ್ಷ. ಅಗಸರ ಕೆಲಸಕ್ಕೆ, ಇಟ್ಟಿಗೆ ಸಾಗಿಸಲು ಈಗ ಕತ್ತೆ ಬೇಕಾಗಿಲ್ಲ. ಹಾಲಿಗೆ ಬೆಲೆ ಇರುವುದರಿಂದಲೇ ಕೆಲವು ಕುಟುಂಬಗಳು ಇನ್ನೂ ಸಾಕುತ್ತಿವೆ. ಪ್ರಾಣಿಯನ್ನು ಕೊಲ್ಲದೆ ಬದುಕಿಸುವ ನಾಟಿ ಔಷಧಿ ಇದು. ಶುಚಿಯಾಗಿ ಕರೆದು, ಕಾಯಿಸಿ ಮಾರುವ ವ್ಯವಸ್ಥೆ ಆದರೆ ನಾನು ಸಂತೋಷಪಡುತ್ತೇನೆ. ಕತ್ತೆ ಕೊಡಿಸಿ ಹಾಲು ಕೊಳ್ಳುತ್ತೇವೆ ಅಂತ ಲಕ್ಷ ಲಕ್ಷ ಕಟ್ಟಿಸಿಕೊಳ್ಳುವವರನ್ನು ಮಾತ್ರ ನಂಬಬೇಡಿ.

ಭೀಮಾ ತೀರ, ಕಲಬುರಗಿ

ನಮ್ಮ ಕಡೆಯಿಂದ ಮಿರಗ (ಮೃಗಶಿರಾ ಮಳೆ) ಕೂಡುವ ಹೊತ್ತಿಗೆ ಹೈದರಾಬಾದಿಗೆ ಉಬ್ಬಸದ ಮೀನಿನ ಔಷಧಿಗೆ ಹೋಗುವವರು ಬಹಳ. ಬತ್ತಿನಿ ಕುಟುಂಬದವರು 1845ರಿಂದ ಕೊಡುತ್ತಿದ್ದೇವೆ ಅನ್ನುತ್ತಾರೆ. ಪುಟ್ಟ ಜೀವಂತ ಮೀನಿನ ಬಾಯಿಗೆ ಹಳದಿ ಔಷಧಿ ಇಟ್ಟು ನುಂಗಿಸುತ್ತಾರೆ. ಮೀನು ತಿನ್ನದವರಿಗೆ ಬೆಲ್ಲದಲ್ಲಿ. ದುಡ್ಡು ತೆಗೆದುಕೊಳ್ಳುವುದಿಲ್ಲ. ನಮ್ಮ ಕಾಕಾ ಹೋಗಿ ಬಂದರು. ಉಸಿರು ಕಟ್ಟುವುದು ಕಮ್ಮಿಯಾಯಿತು ಅಂದರು. ಮಳೆ ಶುರುವಾಗಿ ಧೂಳು ಕುಳಿತದ್ದೂ ಅದೇ ಹೊತ್ತಿಗೆ. ನಾನು ಅವರಿಗೆ ಹೇಳಿದ್ದು ಇಷ್ಟೇ: ಹೋಗಿ ಬನ್ನಿ ಕಾಕಾ, ಇನ್‌ಹೇಲರ್ ಮಾತ್ರ ನಿಲ್ಲಿಸಬೇಡಿ, ಜೇಬಿನಲ್ಲೇ ಇರಲಿ.

ಉಬ್ಬಸಕ್ಕೆ ಬಾವಲಿ ಮಾಂಸ, ಕೆಂಬೂತದ ಮಾಂಸ, ಮುಳ್ಳುಹಂದಿಯ ಒಣಗಿಸಿದ ಹೊಟ್ಟೆ ಅಂತ ಹೇಳುವವರೂ ಇದ್ದಾರೆ. ಕೇರಳದ ಗಡಿ ಕಡೆ ಕರಿ ಮುಸುವನ ಲೇಹ್ಯ ಮಾಡುತ್ತಿದ್ದರು, ಆ ಕೋತಿ ಎಷ್ಟೋ ಕಾಡಿನಲ್ಲಿ ಕಮ್ಮಿಯಾದದ್ದಕ್ಕೆ ಇದೂ ಒಂದು ಕಾರಣ. ಮನುಷ್ಯನಿಗೆ ಉಸಿರು ಸಿಕ್ಕದ ಸಂಕಟ ಏನೇನು ಮಾಡಿಸುತ್ತದೆ!

ಕೋಲಾರದವ

ಮೂಳೆ ಪಟ್ಟಿನ ಬಗ್ಗೆ ಯಾರೂ ಬರೆದಿಲ್ಲ. ಆಂಧ್ರದ ಪುತ್ತೂರು, ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಅಲ್ಲಿಗೆ ನಮ್ಮ ಕಡೆಯವರು ಇವತ್ತಿಗೂ ಹೋಗುತ್ತಾರೆ. ಮೊಟ್ಟೆಯ ಬಿಳಿ, ಸೊಪ್ಪಿನ ರಸ, ಬಟ್ಟೆ, ಬಿದಿರಿನ ಸೀಳು. ಮೊಟ್ಟೆಯ ಬಿಳಿ ಒಣಗಿದರೆ ಗಟ್ಟಿಯಾಗಿ ಮೂಳೆಯನ್ನು ಅಲುಗಾಡದಂತೆ ಹಿಡಿಯುತ್ತದೆ. ಪ್ಲಾಸ್ಟರ್ ಮಾಡುವ ಕೆಲಸವೂ ಅದೇ ತಾನೆ? ಸಣ್ಣ ಬಿರುಕಿಗೆ ಇದು ಸಾಕಾಗುತ್ತದೆ ಎಂದು ನನ್ನ ಅಭಿಪ್ರಾಯ. ಜೊತೆಗೆ ಕಾಲು ಸೂಪು ಕುಡಿಯುತ್ತಾರೆ, ಅದರಿಂದ ನಷ್ಟ ಏನೂ ಇಲ್ಲ.

ಡಾಕ್ಟರ್

ಎಕ್ಸ್‌ರೇ ತೆಗೆಸಿ, ಮೂಳೆ ಜಾಗ ಬಿಟ್ಟು ಸರಿದಿಲ್ಲ ಎಂದು ಗೊತ್ತಾದ ಮೇಲೆ ಹೋಗುವವರನ್ನು ನಾನು ತಡೆಯುವುದಿಲ್ಲ. ಒಂದೇ ಭಯ, ಬಿಗಿ. ಪೆಟ್ಟಾದ ಮೇಲೆ ಎರಡು ಮೂರು ದಿನ ಊತ ಏರುತ್ತದೆ, ಪಟ್ಟು ಮಾತ್ರ ಹಿಗ್ಗುವುದಿಲ್ಲ. ಬೆರಳು ತಣ್ಣಗಾದರೆ, ಬಿಳಿಚಿದರೆ ಅಥವಾ ನೀಲಿಯಾದರೆ, ಜೋಮು ಹಿಡಿದರೆ, ನೋವು ಕಡಿಮೆಯಾಗುವ ಬದಲು ಜಾಸ್ತಿಯಾದರೆ ಆ ಕ್ಷಣವೇ ಪಟ್ಟು ಕತ್ತರಿಸಿ ಆಸ್ಪತ್ರೆಗೆ ಬನ್ನಿ. ಕೆಲವೇ ಗಂಟೆ ತಡವಾದರೂ ಮಾಂಸಖಂಡ ಸಾಯುತ್ತದೆ. ಬೆಳೆಯುವ ಮಕ್ಕಳ ಮೊಣಕೈ ಮುರಿದರೆ ಮಾತ್ರ ಪಟ್ಟಿಗೆ ಹೋಗಲೇಬೇಡಿ.

ಬೆಟ್ಟದಸಾಲು ಅವರೇ, ನಿಮ್ಮ ತಂದೆಯವರಿಗೆ ಹಗುರ ಆಗಿದ್ದು ಬಿಸಿಯಿಂದ ಮತ್ತು ತಿಕ್ಕಿದ್ದರಿಂದ. ಎಳ್ಳೆಣ್ಣೆ ಹಚ್ಚಿದರೂ ಅಷ್ಟೇ ಆಗುತ್ತದೆ. ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡಿಸಿ. ಕುರ್ಚಿಯಲ್ಲಿ ಕುಳಿತು ಕಾಲು ನೇರ ಚಾಚಿ ಹಿಡಿಯುವುದು, ಇಳಿಸುವುದು. ನೋವಿಗೆ ಅಂತ ಹೆಸರಿಲ್ಲದ ಪುಡಿ, ಮಾತ್ರೆ ಕೊಟ್ಟರೆ ಮುಟ್ಟಬೇಡಿ. ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ.

ಬೆಟ್ಟದಸಾಲು

ಎಲ್ಲರಿಗೂ ಧನ್ಯವಾದ. ಎಳ್ಳೆಣ್ಣೆಗೆ ಅಪ್ಪ ಒಪ್ಪಿದ್ದಾರೆ. ಕಾಡಂಚು ಅಣ್ಣ, ಇನ್ನೊಂದು ಕೇಳಬೇಕಿತ್ತು. ನಮ್ಮ ನಾಗವಲ್ಲಿ ಕಡೆ ಕಾಡುಪಾಪ ಇದೆ. ಅದರ ಕಣ್ಣಿನಿಂದ ಔಷಧಿ ಮಾಡುತ್ತಾರೆ, ಮಾಟಕ್ಕೂ ಹಿಡಿಯುತ್ತಾರೆ ಅನ್ನುವುದು ನಿಜವಾ?

ಕಾಡಂಚು

ನಿಜ. ದೊಡ್ಡ ಕಣ್ಣು ಇದ್ದದ್ದೇ ಅದರ ಪಾಲಿಗೆ ಕೇಡಾಯಿತು. ಅದರ ಕಣ್ಣಿನಿಂದ ನಮ್ಮ ಕಣ್ಣಿನ ಕಾಯಿಲೆ ಹೋಗುತ್ತದೆ ಅಂತ ಹಳೆಯ ನಂಬಿಕೆ. ಹುಳ ಹಿಡಿಯಲು ರಾತ್ರಿ ಕಾಣಲಿ ಅಂತ ಪ್ರಕೃತಿ ಕೊಟ್ಟ ಕಣ್ಣು ಅದು. ನಾಗವಲ್ಲಿಯ ಸುತ್ತ ಊರಿನ ಬೇಲಿಸಾಲು, ತೋಟದ ಅಂಚಿನಲ್ಲೇ ಅವು ಉಳಿದಿವೆ. ಊರಿನವರು ಬಿಟ್ಟುಕೊಟ್ಟದ್ದರಿಂದ ಉಳಿದಿವೆ. ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಕಾಡುಪಾಪಕ್ಕೆಂದೇ ಅಭಯಾರಣ್ಯ ಮಾಡಿತು. ನಮ್ಮಲ್ಲೂ ಆಗಲಿ ಎಂದು ನನ್ನ ಆಸೆ. ಯಾರಾದರೂ ಹಿಡಿಯುತ್ತಿದ್ದರೆ ಹತ್ತಿರದ ರೇಂಜ್ ಆಫೀಸಿಗೆ ಹೇಳಿ, ನಿಮ್ಮ ಹೆಸರು ಹೊರಗೆ ಬರುವುದಿಲ್ಲ.

ಪಂಡಿತರ ಮೊಮ್ಮಗ

ಕೊನೆಯದಾಗಿ ಒಂದು ಕೆಲಸದ ಮಾತು. ಅಜ್ಜನಿಗೆ ಗೊತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಸೊಪ್ಪು, ಬೇರು, ತೊಗಟೆ. ಪ್ರಾಣಿಯದ್ದು ಬಹಳ ಕಮ್ಮಿ, ಅದರಲ್ಲೂ ತುಪ್ಪ, ಜೇನು, ಹಾಲೇ ಜಾಸ್ತಿ. ಯಾರಿಗಾದರೂ ಹೇಳಿಕೊಟ್ಟರೆ ಔಷಧಿಯ ಫಲ ಹೋಗುತ್ತದೆ ಅಂತ ನಂಬಿದ್ದರು. ಹಾಗಾಗಿ ಅವರ ಜೊತೆಗೇ ಬಹಳಷ್ಟು ಹೋಯಿತು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಊರಿನ ವೈದ್ಯರ ತಿಳುವಳಿಕೆಯೂ ಅದರಲ್ಲಿ ಸೇರುತ್ತದೆ. ಗುಟ್ಟು ಅಂತ ಅವರು ಹೇಳಿದ್ದನ್ನು ಗುಟ್ಟಾಗಿಯೇ ಇಡಬಹುದು. ಬರೆಯುವಾಗ ಉಡ, ಕಾಡುಪಾಪ, ಚಿಪ್ಪುಹಂದಿ ಬಳಸುವ ಔಷಧಿಗಳಿಗೆ ಬದಲಿ ಗಿಡ ಯಾವುದು ಅಂತ ವೈದ್ಯರನ್ನೇ ಕೇಳಿ. ಅವರ ಹತ್ತಿರ ಉತ್ತರ ಇರುತ್ತದೆ, ಕೇಳುವವರು ಇಲ್ಲ ಅಷ್ಟೇ. ನಮ್ಮ ಪಂಚಾಯಿತಿಯಲ್ಲಿ ಈ ದಾಖಲಾತಿಗೆ ನಾನು ಓಡಾಡುತ್ತಿದ್ದೇನೆ. ನಿಮ್ಮೂರಿನ ಪುಸ್ತಕ ಎಲ್ಲಿದೆ ಅಂತ ಪಿಡಿಒ ಹತ್ತಿರ ಕೇಳಿ, ಸಿಕ್ಕಿದರೆ ಇಲ್ಲಿ ಬರೆಯಿರಿ.

ವಾಗ್ರಿ ಮಗಳು

ನಮ್ಮ ಅಜ್ಜಿಗೆ ಗಿಡಗಳ ಹೆಸರು ನಮ್ಮ ವಾಗ್ರಿ ಭಾಷೆಯಲ್ಲಿ ಮಾತ್ರ ಗೊತ್ತು. ಕನ್ನಡದಲ್ಲಿ ಅದೇ ಗಿಡ ಯಾವುದು ಎಂದು ಗುರುತಿಸಲು ನಾನು ಜೊತೆಗೆ ಕೂರುತ್ತೇನೆ. ಪಂಚಾಯಿತಿಯವರು ನಮ್ಮ ಕಾಲೊನಿಗೂ ಬರಲಿ.